ಸೊಳ್ಳೆಪರದೆಗೆ ಮಹಾಮಜ್ಜನ

ಸೊಳ್ಳೆಪರದೆ ಹಂಚಲು ಬಂದವರು ಅದನ್ನು ಕಟ್ಟಿಕೊಳ್ಳುವ ಬುದ್ಧಿಯನ್ನೂ ಜೊತೆಗೇ ಹಂಚಿ ಹೋಗಿದ್ದರೆ, ಈ ವಯಸ್ಸಿನಲ್ಲಿ ನನಗೆ ಇಷ್ಟೊಂದು ಅವಮಾನ ಆಗುತ್ತಿರಲಿಲ್ಲ. (ಬುದ್ಧಿಯನ್ನೂ ಹಂಚಿದ್ದರು, ನಾನೇ ಕೇಳಿಸಿಕೊಳ್ಳಲಿಲ್ಲ ಎನ್ನುತ್ತಾಳೆ ನನ್ನ ಸೊಸೆ. ಸೊಸೆಯಂದಿರು ಏನು ಬೇಕಾದರೂ ಹೇಳುತ್ತಾರೆ.)

ಆಸ್ಪತ್ರೆಯ ನರ್ಸಮ್ಮ ನಮ್ಮ ಗಲ್ಲಿಯ ಬಾಯಲ್ಲಿ ನಿಂತು ಮನೆಗೊಂದು ಪೊಟ್ಟಣ ಕೊಟ್ಟು, ಏನೇನೋ ವಿವರಿಸಿದಳು. ನಾನು ಆಗ ಪೊಟ್ಟಣ ಬಿಚ್ಚಿ ಪರದೆಯ ಹೊಲಿಗೆ ಪರೀಕ್ಷೆ ಮಾಡುತ್ತಿದ್ದೆ. ಮಾಡದೆ ಇರುವುದು ಹೇಗೆ? ನಾನೂ ನಮ್ಮ ಯಜಮಾನರೂ ಆಯುಷ್ಯವೆಲ್ಲ ಆಸ್ಪತ್ರೆಯ ಬಟ್ಟೆ ಒಗೆದವರು. ಅವರು ತೀರಿಕೊಂಡ ಮೇಲೂ ನಾನೊಬ್ಬಳೇ ಆ ಲಾಂಡ್ರಿಯಲ್ಲಿ ದುಡಿದೆ. ಓದಲು ಬರೆಯಲು ನನಗೆ ಬರುವುದು ಅಷ್ಟಕ್ಕಷ್ಟೆ, ಆದರೆ ಬಟ್ಟೆಯನ್ನು ಮಾತ್ರ ಅಂಚಿನಿಂದ ಅಂಚಿಗೆ ಓದಬಲ್ಲೆ. ಹೊಲಿಗೆ ಗಟ್ಟಿಯಾಗಿತ್ತು. ನರ್ಸಮ್ಮನ ಮಾತು ಮುಗಿದಿತ್ತು.

ಆಮೇಲೆ ನಮ್ಮ ಗಲ್ಲಿಯವರು ಆ ಪರದೆಗಳನ್ನು ಬಳಸಿದ ಚಂದ ನೋಡಬೇಕಿತ್ತು! ಪಕ್ಕದ ಮನೆಯ ಮೀನಿನವಳು ನೊಣ ಬಾರದಿರಲೆಂದು ತನ್ನ ಬುಟ್ಟಿಗೆ ಹೊದಿಸಿದಳು. ಎದುರುಮನೆಯ ಬಡಗಿ ಕೋಳಿಗೂಡಿಗೆ ಸುತ್ತಿದ. ನನ್ನ ಸುಪುತ್ರ, ಊರಿನ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿ ನಮ್ಮ ಮನೆಯ ನಲ್ಲಿಯನ್ನು ಮಾತ್ರ ಸೋರಲು ಬಿಟ್ಟಿರುವ ಮಹಾನುಭಾವ, ಅದನ್ನು ಮಡಚಿ ತಲೆದಿಂಬು ಮಾಡಿಕೊಂಡ.

"ಏನೇ ಇದು, ಮನುಷ್ಯರಿಗೆ ಕೊಟ್ಟದ್ದನ್ನ ಮೀನಿಗೆ ಹೊದಿಸಿದ್ದೀಯಲ್ಲ?" ಎಂದು ಮೀನಿನವಳನ್ನು ಕೇಳಿದೆ.

"ಅಯ್ಯೋ ಅಜ್ಜಿ, ದಿನವಿಡೀ ಬಲೆ ಜೊತೆ ಒದ್ದಾಡೋಳು ನಾನು. ಮಲಗೋವಾಗ್ಲೂ ಬಲೆ ಒಳಗೇ ಬೀಳ್ಬೇಕಾ? ಅದೂ ಅಲ್ದೆ ನನ್ನ ವಾಸನೆಗೆ ಸೊಳ್ಳೆನೇ ಮೂರ್ಛೆ ಹೋಗುತ್ತೆ."

ಬಡಗಿಯ ಉತ್ತರ ಇನ್ನೂ ಘನವಾಗಿತ್ತು. "ಕೋಳಿ ಮೊಟ್ಟೆ ಇಡುತ್ತೆ ಅಜ್ಜಿ. ನಾನೇನು ಇಡ್ತೀನಿ?"

ಹೀಗೆಂದ ಬಡಗಿಯ ಹೆಂಡತಿಯೇ ಸ್ವಲ್ಪ ದಿನದಲ್ಲಿ ಮಲೇರಿಯಾ ಹಿಡಿದು ಆಸ್ಪತ್ರೆ ಸೇರಿದಳು. ತಿರುಗಿ ಬಂದಾಗ ಕೊಡ ಎತ್ತುವುದಿರಲಿ, ಚೊಂಬು ಎತ್ತಿದರೂ ಅವಳ ಕೈ ನಡುಗುತ್ತಿತ್ತು. ಅವಳನ್ನು ನೋಡಿ ಬಂದವಳಿಗೆ ನನಗೆ ಅನ್ನ ಸೇರಲಿಲ್ಲ. ನನ್ನ ಸೊಸೆ ತುಂಬಿದ ಬಸುರಿ. ಬಸುರಿಯರಿಗೆ ಆ ಜ್ವರ ಬಂದರೆ ತಾಯಿ ಮಗು ಇಬ್ಬರಿಗೂ ಗಂಡಾಂತರವೆಂದು ಲಾಂಡ್ರಿಯಲ್ಲಿದ್ದಾಗ ಎಷ್ಟು ಸಲ ಕೇಳಿದ್ದೇನೆ! ಹೆರಿಗೆ ವಾರ್ಡಿನ ಹಾಸಿಗೆ ಬಟ್ಟೆ ನನ್ನ ಕೈಗೇ ಬರುತ್ತಿತ್ತು. ಅವತ್ತೇ ನಿರ್ಧಾರ ಮಾಡಿದೆ. ಭೂಮಿ ಬಾನು ಒಂದಾದರೂ ಸರಿ, ನನ್ನ ಸೊಸೆ ಪರದೆಯೊಳಗೇ ಮಲಗಬೇಕು.

ಮಗನ ತಲೆಯಡಿಯಿಂದ ಪರದೆ ಎಳೆದು ಕಟ್ಟಿದೆ. ಸೊಸೆ ತಲೆ ಒಳಗಿಟ್ಟವಳೇ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದಳು.

"ಅತ್ತೆ, ನನ್ನ ಕೈಲಾಗಲ್ಲ. ಏನೋ ಘಾಟು ವಾಸನೆ. ಹೊಟ್ಟೆ ತೊಳಸುತ್ತೆ."

"ಮೂಗು ಮುಚ್ಕೊಂಡು ಮಲಗಮ್ಮ."

"ಮೂಗು ಮುಚ್ಕೊಂಡು ನೀವು ಮಲಗಿ ತೋರಿಸಿ, ನೋಡೋಣ!"

"ಅಮ್ಮ, ಅವಳನ್ನ ಯಾಕೆ ಹಿಂಸೆ ಮಾಡ್ತೀಯ? ಆ ದಿಂಬಾದ್ರೂ ನನಗೆ ವಾಪಸ್ ಕೊಡು" ಎಂದ ನನ್ನ ಮಗ.

ಮಗನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸೊಸೆಯ ಮಾತು ಮಾತ್ರ ನನ್ನ ತಲೆಯಲ್ಲಿ ಮಿಂಚು ಹೊಡೆಸಿತು. ವಾಸನೆ ತಾನೆ? ವಾಸನೆ ತೆಗೆಯುವುದು ನನ್ನ ಕಸುಬು! ಎಂತೆಂಥ ಘೋರ ಬಟ್ಟೆಗಳನ್ನು ಮಲ್ಲಿಗೆಯಂತೆ ಮಾಡಿದ ಕೈ ಇದು! ಆಸ್ಪತ್ರೆಯಿಂದ ಬಂದ ಬಟ್ಟೆ ಯಾವುದೇ ಇರಲಿ, ಸೋಡಾ ನೀರಿನಲ್ಲಿ ಕುದಿಯದೆ ಮುಂದಕ್ಕೆ ಹೋಗಬಾರದು. ಇದು ನಮ್ಮ ಲಾಂಡ್ರಿಯ ಕಟ್ಟಾಜ್ಞೆ. ಪರದೆ ಬಂದದ್ದೂ ಆಸ್ಪತ್ರೆಯಿಂದಲೇ. ಇಷ್ಟು ಸಣ್ಣ ವಿಷಯ ನನಗೇ ಹೊಳೆಯದೆ ಹೋಯಿತಲ್ಲ ಎಂದು ಹಣೆ ಬಡಿದುಕೊಂಡು ಹಿತ್ತಲಿನ ಹಂಡೆಗೆ ಬೆಂಕಿ ಹಾಕಿದೆ.

ಮೊದಲು ಸೋಡಾ. ಅದು ಪೂರ್ತಿ ಕರಗಿದ ಮೇಲೆ ಪರದೆ. ಕೋಲಿನಲ್ಲಿ ಒಂದೇ ದಿಕ್ಕಿಗೆ ತಿರುವಬೇಕು, ಇಲ್ಲವಾದರೆ ಜಡೆ ಬೀಳುತ್ತದೆ. ಕುದಿ ಬಂದು ನೀರು ಮಬ್ಬಾಯಿತು. ಆ ನೀರನ್ನು ಚರಂಡಿಗೆ ಚೆಲ್ಲಿದೆ ನೋಡಿ, ಅಲ್ಲಿ ವಂಶಪಾರಂಪರ್ಯವಾಗಿ ಬಾಳಿಕೊಂಡಿದ್ದ ಜಿರಳೆಗಳೆಲ್ಲ ಹೊರಗೆ ಬಂದು ಅಂಗಾತ ಬಿದ್ದು ಕಾಲು ಮೇಲೆತ್ತಿದವು.

"ನೋಡಿದೆಯಾ ಎಷ್ಟು ಕೊಳೆ ಇತ್ತು ಅಂತ? ಜಿರಳೆಗೂ ಸಹಿಸೋಕಾಗ್ಲಿಲ್ಲ!" ಎಂದು ಸೊಸೆಯನ್ನು ಕರೆದು ತೋರಿಸಿದೆ. ಅವಳೂ ಹೌದೆಂದು ತಲೆಯಾಡಿಸಿದಳು. (ಇದನ್ನು ಈಗ ಅವಳು ಒಪ್ಪುವುದಿಲ್ಲ.)

ಜಾಲಿಸಿ, ಮತ್ತೆ ಕುದಿಸಿ, ಮತ್ತೆ ಜಾಲಿಸಿ, ನೀಲಿ ಹಾಕಿ, ಸುಡುಬಿಸಿಲಿನಲ್ಲಿ ಹರವಿದೆ. ಪರದೆ ಸ್ವಲ್ಪ ಮುದುಡಿತು ನಿಜ. ಆದರೆ ಏನು ಬಿಳುಪು, ಏನು ಶುಭ್ರ! ಸಂಜೆ ಅದರೊಳಗೆ ಹೋದ ಸೊಸೆ ಮೂಗು ಅರಳಿಸಿ ಉಸಿರೆಳೆದು, "ಅತ್ತೆ, ವಾಸನೆನೇ ಇಲ್ಲ!" ಎಂದು ಮಗ್ಗುಲಾಗಿ ಮಲಗಿಯೇ ಬಿಟ್ಟಳು. ನನಗೆ ಕಣ್ಣಲ್ಲಿ ನೀರು ಬಂತು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆ ಮನೆಯೊಳಗೇ ಮುಗಿಯುತ್ತಿತ್ತು. ಆದರೆ ಪಕ್ಕದ ಮನೆಯವರಿಗೆ ಕಚ್ಚಿದ ಸೊಳ್ಳೆ ಗೋಡೆ ದಾಟಿ ನಮ್ಮ ಮನೆಗೆ ಬರುವುದಿಲ್ಲವೇ? ಗಲ್ಲಿಯೇ ಪರದೆಯೊಳಗೆ ಮಲಗಬೇಕು ಎಂದು ಹಟ ತೊಟ್ಟೆ. ಮನೆಮನೆಗೆ ಹೋಗಿ, "ವಾಸನೆ ತಾನೆ ನಿಮ್ಮ ತೊಂದರೆ? ಇತ್ತ ಕೊಡಿ!" ಎಂದೆ. ಬಡಗಿಯ ಕೋಳಿಗಳನ್ನು ನಾನೇ ಒಕ್ಕಲೆಬ್ಬಿಸಿದೆ. ಅವನು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ಜಗುಲಿಯಿಂದ, "ತಗೊಂಡು ಹೋಗಿ ಅಜ್ಜಿ, ಕೋಳಿ ನನಗೆ ಗಂಜಿ ಮಾಡಿ ಕೊಡ್ಲಿಲ್ಲ" ಎಂದಳು. ಮೀನಿನವಳ ಪರದೆಯನ್ನು ಎಷ್ಟು ಸಲ ಕುದಿಸಿದೆನೋ ಆ ಹಂಡೆಗೇ ಗೊತ್ತು. ಕೊನೆಗೆ ಅವಳೂ ಒಪ್ಪಿಕೊಂಡಳು, "ಅಜ್ಜಿ, ಇದರಲ್ಲಿ ಮೀನೂ ಇಲ್ಲ, ಔಷಧಿನೂ ಇಲ್ಲ, ಬರೀ ಸೋಪಿನ ಪರಿಮಳ!"

ಔಷಧಿಯೂ ಇಲ್ಲ ಎಂದಳಲ್ಲ, ಆಗಲಾದರೂ ನನ್ನ ತಲೆಗೆ ಹೋಗಬಾರದಿತ್ತೇ? ಹೋಗಲಿಲ್ಲ. ಹಂಡೆಯ ಹೊಗೆ ತುಂಬಿಕೊಂಡಿತ್ತು.

ನರ್ಸಮ್ಮ ತಪಾಸಣೆಗೆ ಬಂದಾಗ ಗಲ್ಲಿಯ ಪ್ರತಿ ಮನೆಯಲ್ಲೂ ಪರದೆ ತೂಗುತ್ತಿತ್ತು. ಅವಳು ಒಂದೊಂದು ಬಾಗಿಲಲ್ಲೂ ನಿಂತು ನಿಂತು ಕಣ್ಣರಳಿಸಿ ಬಂದಳು.

"ಯಾವ ಬೀದಿಯಲ್ಲೂ ಹೀಗೆ ನೋಡಿಲ್ಲಪ್ಪ! ಯಾರು ಮಾಡಿಸಿದ್ದು ಇದನ್ನ?"

ಗಲ್ಲಿಗೆ ಗಲ್ಲಿಯೇ ನನ್ನತ್ತ ಬೆರಳು ತೋರಿಸಿತು. ನಾನು ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತಾ, ವಿನಯದ ಮೂರ್ತಿಯಾಗಿ ನಿಂತೆ. ನರ್ಸಮ್ಮ ನಮ್ಮ ಪರದೆ ಮುಟ್ಟಿದಳು. ಮೂಸಿದಳು. ಮತ್ತೆ ಮೂಸಿದಳು.

"ಇದೇನಜ್ಜಿ, ಇಷ್ಟೊಂದು ಬೆಳ್ಳಗಾಗಿದೆ?"

ಕೇಳಿದ್ದೇ ತಡ, ಸೋಡಾದ ಅಳತೆಯಿಂದ ಹಿಡಿದು ನೀಲಿಯವರೆಗೆ ಒಂದೂ ಬಿಡದೆ ವಿವರಿಸಿದೆ. ಜಿರಳೆಗಳ ಸಾಮೂಹಿಕ ಸ್ವರ್ಗಾರೋಹಣವನ್ನೂ ವರ್ಣಿಸಿದೆ. ನಾನು ಹೇಳುತ್ತಾ ಹೋದಂತೆ ನರ್ಸಮ್ಮ ಮೆಲ್ಲಗೆ ನಮ್ಮ ಮಂಚದ ಮೇಲೆ ಕುಳಿತಳು.

"ಅಜ್ಜೀ, ಆ ವಾಸನೆನೇ ಔಷಧಿ! ಪರದೆ ಮೇಲೆ ಕೂತ ಸೊಳ್ಳೆ ಸಾಯ್ಲಿ ಅಂತ ನೂಲಿಗೇ ಸೇರಿಸಿರ್ತಾರೆ. ವರ್ಷಗಟ್ಟಲೆ ಇರ್ಬೇಕಾದ್ದು ಅದು!"

"ಹಾಗಾದ್ರೆ ಜಿರಳೆ ಸತ್ತಿದ್ದು ಕೊಳೆಗಲ್ವಾ?" ಎಂದ ನನ್ನ ಮಗ, ಜೀವಮಾನದಲ್ಲಿ ಮೊದಲ ಸಲ ಬುದ್ಧಿವಂತನಂತೆ.

ಗಲ್ಲಿಯೆಲ್ಲ ನನ್ನನ್ನು ನೋಡಿತು. ಬೆರಳುಗಳು ಇನ್ನೂ ನನ್ನತ್ತಲೇ ಇದ್ದವು, ಅರ್ಥ ಮಾತ್ರ ಬದಲಾಗಿತ್ತು.

"ವಾಸನೆಗೆ ಏನು ಮಾಡ್ಬೇಕಿತ್ತು ಹಾಗಾದ್ರೆ?" ಎಂದೆ, ಸೆರಗಿನ ತುದಿ ಹಿಂಡುತ್ತಾ.

"ಒಂದು ದಿನ ನೆರಳಲ್ಲಿ ಹರವಿದ್ರೆ ಸಾಕು ಅಂತ ಅವತ್ತೇ ಹೇಳಿದ್ನಲ್ಲ. ಕೊಳೆಯಾದ್ರೆ ತಣ್ಣೀರು, ಸ್ವಲ್ಪ ಸೋಪು, ಅಷ್ಟೇ."

ನೆರಳಲ್ಲಿ ಒಂದು ದಿನ! ಎಷ್ಟು ಸೌದೆ, ಎಷ್ಟು ಸೋಡಾ, ಎಷ್ಟು ಸೊಂಟನೋವು! ಆದರೆ ಆ ಕ್ಷಣ ನನಗೆ ಅದ್ಯಾವುದೂ ಬೇಕಿರಲಿಲ್ಲ. ಸೊಸೆಯ ಹೊಟ್ಟೆಯನ್ನೇ ನೋಡುತ್ತಾ, "ಇವಳ ಗತಿ ಏನಮ್ಮ?" ಎಂದೆ.

ನರ್ಸಮ್ಮ ಮೆತ್ತಗಾದಳು. "ಔಷಧಿ ಹೋದ್ರೂ ಬಲೆ ಇದೆಯಲ್ಲ ಅಜ್ಜಿ. ತೂತು ಬೀಳದ ಹಾಗೆ, ಅಂಚು ಹಾಸಿಗೆ ಕೆಳಗೆ ಸೇರೋ ಹಾಗೆ, ಮೈ ತಾಗದ ಹಾಗೆ ನೋಡ್ಕೊಳ್ಳಿ. ಹೊಸದು ತರಿಸ್ತೀನಿ."

ಸರಿ, ಅದನ್ನೇ ಹಿಡಿದೆ. ಹೊಸ ಪರದೆ ಬರುವವರೆಗೂ ಕತ್ತಲಾಗುವ ಮೊದಲು ಮನೆಮನೆ ಹೊಕ್ಕು ಅಂಚು ಸಿಕ್ಕಿಸಿದೆ, ಹರಿದಲ್ಲಿ ಹೊಲಿದೆ. ನಗುವವರು ನಕ್ಕರು. "ಬಂದ್ರು ಬಂದ್ರು, ಹಂಡೆ ಅಜ್ಜಿ ಬಂದ್ರು, ಪರದೆ ಬಚ್ಚಿಡಿ!" ಎಂದು ಬಡಗಿ ಕೂಗುತ್ತಿದ್ದ. ಕೂಗಲಿ. ಕೂಗುವಾಗ ಅವನು ಪರದೆಯೊಳಗೇ ಇರುತ್ತಿದ್ದ.

ಹೊಸ ಪೊಟ್ಟಣಗಳು ಬಂದ ದಿನ ನಾನು ಕೈಚಾಚಿದರೆ ನರ್ಸಮ್ಮ ನನ್ನನ್ನು ದಾಟಿ ಸೊಸೆಯ ಕೈಗೆ ಕೊಟ್ಟಳು. ಸೊಸೆ ಅದನ್ನು ನೆರಳಲ್ಲಿ ಹರವಿ, ಆ ಹೊಟ್ಟೆ ಹೊತ್ತುಕೊಂಡು ಹಗಲೆಲ್ಲ ಪಕ್ಕದಲ್ಲೇ ಕಾವಲು ಕುಳಿತಳು. ನಾನು ನೀರು ಕುಡಿಯಲು ಚೊಂಬು ಎತ್ತಿದರೂ, "ಎಲ್ಲಿಗೆ ಅತ್ತೆ ನೀರು?" ಎಂದಳು.

ಮಾರನೆಯ ಸಂಜೆ ಪರದೆ ಕಟ್ಟಿಸಿ, ಒಳಗೆ ಮಲಗಿ, "ವಾಸನೆ ಅಷ್ಟೇನಿಲ್ಲ. ನೀವೂ ಒಳಗೆ ಬನ್ನಿ ಅತ್ತೆ" ಎಂದು ಕರೆದಳು. ಹೃದಯ ತುಂಬಿ ಬಂತು. ಎಷ್ಟಾದರೂ ನನ್ನ ಸೊಸೆ, ನನ್ನ ಕಷ್ಟ ಅವಳಿಗಲ್ಲದೆ ಇನ್ಯಾರಿಗೆ ಗೊತ್ತು ಎಂದುಕೊಂಡು ಒಳಗೆ ನುಸುಳಿದೆ. ನನ್ನನ್ನು ಗೋಡೆಯ ಕಡೆಗೆ ಮಲಗಿಸಿ, ಸುತ್ತಲೂ ಅಂಚು ಬಿಗಿಯಾಗಿ ಸಿಕ್ಕಿಸಿ, ಹೊರಗೆ ಹೋಗುವ ಕಡೆಗೆ ತಾನು ಅಡ್ಡ ಮಲಗಿದಳು.

"ಯಾಕಮ್ಮ, ನನಗೂ ಸೊಳ್ಳೆ ಕಚ್ಚೀತು ಅಂತ ಹೆದರಿಕೆನಾ?"

"ಅದೂ ಇದೆ ಅತ್ತೆ" ಎಂದು ಆಕಳಿಸಿದಳು. "ಮುಖ್ಯವಾಗಿ, ನಾನು ಕಣ್ಣು ಮುಚ್ಚಿದಾಗ ನೀವು ಹಂಡೆ ಹತ್ರ ಹೋಗ್ಬಾರ್ದು."

ಕಿಟಕಿಯಲ್ಲಿ ಮೀನಿನವಳ ತಲೆ ಕಾಣಿಸಿತು. ಪರದೆಯೊಳಗೆ ಮುದುಡಿ ಮಲಗಿದ್ದ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ಏಯ್, ಬನ್ರೋ! ಇವತ್ತು ದೊಡ್ಡದೇ ಬಿದ್ದಿದೆ!"