ಎಂಟೂವರೆಯ ಫೋನು

ಆಕಾಶ ನೋಡುವುದೇ ಕೆಲಸವಾದವರಿಗೆ ನೆಲದ ಮೇಲಿನವರು ದಿನಕ್ಕೊಂದು ತಮಾಷೆ ಒದಗಿಸುತ್ತಲೇ ಇರುತ್ತಾರೆ. ಕಷ್ಟವೆಂದರೆ, ಅದನ್ನು ಹೇಳಿಕೊಂಡು ನಗಲು ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ.

ತೊಂಬತ್ತರ ದಶಕದ ಮಾತು. ಹೊಸೂರು ರಸ್ತೆಯಿಂದ ಸ್ವಲ್ಪ ಒಳಗೆ, ಕಾರ್ಖಾನೆಗಳ ನಡುವೆ ಬೇಲಿ ಹಾಕಿದ ಒಂದು ಹುಲ್ಲಿನ ಜಾಗ. ಮಳೆ ಅಳೆಯುವ ಡಬ್ಬ, ಗಾಳಿ ಕಂಬ, ಒಂದು ಕೋಣೆ, ಒಂದು ಫೋನು. ಅದೇ ನಮ್ಮ ಹವಾಮಾನ ಕೇಂದ್ರ. ಹಗಲು ಪಾಳಿಗೆ ನಾನೊಬ್ಬಳೇ. ಗೇಟಿನಲ್ಲಿ ಬಿಜಾಪುರದ ಕಡೆಯ ಹಿರಿಯ ವಾಚ್‌ಮನ್. ಕಾನ್ವೆಂಟಿನಲ್ಲಿ ಓದಿದ ನನಗೆ ಕನ್ನಡದಲ್ಲಿ ಒಂದು ವಾಕ್ಯ ಆಡಬೇಕಾದರೆ ಮೊದಲು ಮನಸ್ಸಿನಲ್ಲೇ ಜೋಡಿಸಿಕೊಳ್ಳಬೇಕಿತ್ತು. ಜೋಡಿಸುವಷ್ಟರಲ್ಲಿ ಎದುರಿಗಿದ್ದವರು ಹೋಗಿಬಿಟ್ಟಿರುತ್ತಿದ್ದರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅಳತೆಯಲ್ಲಿ ತಪ್ಪಾದರೆ ಖಾಯಂ ಆಗುವ ಮಾತೇ ಇಲ್ಲ ಎಂದು ಸೇರುವಾಗಲೇ ಹೇಳಿದ್ದರು.

ಬಿಳಿ ಪೆಟ್ಟಿಗೆ

ಬೇಲಿಯೊಳಗೆ ನಾಲ್ಕು ಕಾಲಿನ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆಯೊಂದಿತ್ತು. ಗಾಳಿಯಾಡಲೆಂದು ಸುತ್ತ ಓರೆ ಪಟ್ಟಿಗಳು, ಒಂದು ಪುಟ್ಟ ಬಾಗಿಲು. ನಾನು ಹೊತ್ತು ಹೊತ್ತಿಗೆ ಹೋಗಿ ಆ ಬಾಗಿಲು ತೆಗೆದು, ತಲೆ ಬಗ್ಗಿಸಿ ನೋಡಿ, ಮತ್ತೆ ಮುಚ್ಚುತ್ತಿದ್ದೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ಆಚೆಯಿಂದ ಇದನ್ನು ನೋಡಿ ನೋಡಿ, ಕೊನೆಗೆ ಚಪ್ಪಲಿ ಬಿಟ್ಟು ಕೈಮುಗಿಯಲು ಶುರುಮಾಡಿದರು. ಒಂದು ದಿನ ಒಬ್ಬಾಕೆ ಯಾವ ದೇವರೆಂದು ಕೇಳಿಯೇಬಿಟ್ಟಳು. ದೇವರಲ್ಲ, ಒಳಗಿರುವುದು ಥರ್ಮಾಮೀಟರ್ ಅಂದೆ.

ಆಕೆಯ ಮುಖ ಸಣ್ಣಗಾಯಿತು. "ಅಯ್ಯೋ, ಜ್ವರ ಯಾರಿಗಕ್ಕಾ?"

"ಗಾಳಿಗೆ" ಅಂದೆ.

ಆಕೆ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಪಕ್ಕದವಳಿಗೆ ಹೇಳಿದಳು: "ಪಾಪ, ಒಬ್ಳೇ ಇರ್ತಾಳೆ ನೋಡು."

ಮೋಲ್ಡ್

ಚಂದಾಪುರದಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬರಿಗೆ ನಮ್ಮ ನಂಬರ್ ಎಲ್ಲಿಂದಲೋ ಸಿಕ್ಕಿತು. ನಾಳೆ ಮಳೆ ಬರುತ್ತಾ, ಛಾವಣಿಗೆ ಕಾಂಕ್ರೀಟ್ ಮೋಲ್ಡ್ ಹಾಕಿಸಬಹುದಾ ಎಂದು ದಿನಾ ಫೋನು. ನಮ್ಮದು ಮುನ್ಸೂಚನೆ ಕೊಡುವ ಕಚೇರಿಯಲ್ಲ, ಬಿದ್ದ ಮಳೆಯನ್ನು ಅಳೆಯುವುದಷ್ಟೇ ಎಂದು ಎರಡು ದಿನ ಅಭ್ಯಾಸ ಮಾಡಿಕೊಂಡು ಮೂರನೆಯ ದಿನ ಹೇಳಿದೆ.

ಅವರು ಬೇಸರದಿಂದಲೇ ಅಂದರು: "ಬಿದ್ದಿದ್ದು ನಮಗೇ ಗೊತ್ತಾಗುತ್ತಲ್ಲ ಮೇಡಂ. ನೆಂದಿರ್ತೀವಿ."

ಗಾಜಿನ ಗುಂಡು

ಬಿಸಿಲು ಅಳೆಯಲು ನಮ್ಮಲ್ಲೊಂದು ಗಾಜಿನ ಗುಂಡು. ಬಿಸಿಲು ಅದರೊಳಗೆ ಹಾದು ಹಿಂದಿನ ಕಾಗದದ ಪಟ್ಟಿಯನ್ನು ಸುಡುತ್ತ ಹೋಗುತ್ತದೆ. ಸಂಜೆ ಸುಟ್ಟ ಗೆರೆಯನ್ನು ಅಳೆದರೆ ಎಷ್ಟು ಹೊತ್ತು ಬಿಸಿಲಿತ್ತೆಂದು ತಿಳಿಯುತ್ತದೆ. ಒಮ್ಮೆ ಉರಿಬಿಸಿಲಿನ ದಿನ ಹೋಗಿ ನೋಡುತ್ತೇನೆ, ಗುಂಡಿನ ಮೇಲೆ ವಾಚ್‌ಮನ್ನರ ಒದ್ದೆ ಟವೆಲ್ಲು.

"ಹೊಗಿ ಬರಾಕತ್ತಿತ್ರೀ ಅಕ್ಕಾರ, ನಾನ ಆರಿಸೀನಿ" ಎಂದು ಮೆಚ್ಚುಗೆಗೆ ಕಾದು ನಿಂತರು.

ಮರುದಿನ ಮುಖ್ಯ ಕಚೇರಿಯ ಅಧಿಕಾರಿ, ಊರಿಗೆಲ್ಲ ಬಿಸಿಲಿರುವಾಗ ನಿಮ್ಮ ಕಾಂಪೌಂಡಿಗೆ ಮಾತ್ರ ಗ್ರಹಣ ಹಿಡಿದಿತ್ತಾ ಎಂದು ಕೇಳಿದರು. ಇನ್ನೊಮ್ಮೆ ಹೀಗಾದರೆ ಖಾಯಂ ಮಾಡುವುದು ಕಷ್ಟವೆಂದೂ ಹೇಳಿದರು. ವಾಚ್‌ಮನ್ನರಿಗೆ ಬೈಯಬೇಕೆಂದು ವಾಕ್ಯ ಜೋಡಿಸತೊಡಗಿದೆ. ಅದು ಮುಗಿಯುವಷ್ಟರಲ್ಲಿ ಅವರು ನನಗೆ ಚಹಾ ತಂದಿಟ್ಟಿದ್ದರು.

ಬೇಸಿಗೆಯ ಮಳೆ

ದಿನಾ ಬೆಳಿಗ್ಗೆ ಎಂಟೂವರೆಗೆ ಡಬ್ಬದ ನೀರು ಅಳೆದು ಅದೇ ಅಧಿಕಾರಿಗೆ ಫೋನ್ ಮಾಡಬೇಕಿತ್ತು. ಮಳೆ ಬಿದ್ದಿದ್ದರೆ ಅವರು ಒಂದೊಂದಾಗಿ ಕೇಳುತ್ತಿದ್ದರು: ಯಾವಾಗ ಶುರುವಾಯಿತು, ಗುಡುಗಿತ್ತಾ, ಆಲಿಕಲ್ಲು ಬಿತ್ತಾ. ಕೊನೆಗೆ, "ಕಾಫಿ ಆಯ್ತಾಮ್ಮ?" ಆ ಒಂದು ಪ್ರಶ್ನೆಗೆ ಉತ್ತರ ಜೋಡಿಸಿಕೊಳ್ಳುವ ಅಗತ್ಯವೇ ಬೀಳುತ್ತಿರಲಿಲ್ಲ. ಸಿಂಗಸಂದ್ರದ ನನ್ನ ಬಾಡಿಗೆ ರೂಮಿಗೆ ಮರಳುವವರೆಗೂ ಅದು ಕಿವಿಯಲ್ಲಿರುತ್ತಿತ್ತು.

ಮಳೆಗಾಲ ಮುಗಿಯಿತು. "ಮಳೆ?" "ಇಲ್ಲ ಸಾರ್." "ಸರಿ." ಫೋನು ಕಟ್. ತಿಂಗಳುಗಟ್ಟಲೆ ನಮ್ಮ ಸಂಭಾಷಣೆ ಅಷ್ಟೇ.

ಬೇಸಿಗೆಯ ಒಂದು ಬೆಳಿಗ್ಗೆ ಡಬ್ಬ ತೆಗೆದರೆ ಒಳಗೆ ನೀರು. ಆಕಾಶದಲ್ಲಿ ಮೋಡದ ಚೂರೂ ಇಲ್ಲ, ಕಾಲ ಕೆಳಗೆ ಒಣ ಧೂಳು. ಅಳೆದೆ: ನಲವತ್ತು ಮಿಲಿಮೀಟರ್. ಹೇಳಿದರೆ ಹುಚ್ಚಿ ಅನ್ನುತ್ತಾರೆ, ಹೇಳದಿದ್ದರೆ ಅಳತೆ ಮುಚ್ಚಿಟ್ಟಂತೆ. ಉಪಕರಣ ತೋರಿಸಿದ್ದನ್ನೇ ಹೇಳಬೇಕೆಂಬುದು ನಿಯಮ. ಹೇಳಿದೆ.

ಅವರು ಅಂಕಿಯನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ, "ನಾನು ನಿಮ್ಮ ಪಕ್ಕದ ಬೊಮ್ಮನಹಳ್ಳೀಲೇ ಇರೋದಮ್ಮ. ಅಷ್ಟು ಮಳೆ ಬಂದಿದ್ರೆ ನಮ್ಮನೆ ಒಳಗೆ ಮೀನು ಓಡಾಡ್ಬೇಕಿತ್ತು."

ಮಧ್ಯಾಹ್ನ ಜೀಪಿನಲ್ಲಿ ಅವರೇ ಬಂದರು. ಡಬ್ಬ ನೋಡಿದರು, ನೆಲ ನೋಡಿದರು, ನನ್ನನ್ನು ನೋಡಿದರು. ಕೆಲಸ ಹೋಯಿತು ಅಂದುಕೊಂಡೆ. ಒಂದು ವಾಕ್ಯವೂ ಜೋಡಣೆಯಾಗಲಿಲ್ಲ. ಅಷ್ಟರಲ್ಲಿ ವಾಚ್‌ಮನ್ ಕೈಕಟ್ಟಿ ಮುಂದೆ ಬಂದರು.

"ನಾನ ಹಾಕೀನ್ರೀ ಸಾಹೇಬ್ರ, ಒಂದು ತಂಬಗಿ."

ಯಾಕಪ್ಪಾ ಎಂದರು ಅಧಿಕಾರಿ.

"ಮಳಿ ಆದ ದಿನ ಅಕ್ಕಾರು ಫೋನ್‌ನ್ಯಾಗ ಭಾಳೊತ್ತು ಮಾತಾಡ್ತಾರ್ರೀ. ನಗತಾರ. ಬ್ಯಾಸಗಿ ಬಂತಂದ್ರ ಬಾಯಿನ ಬಿಚ್ಚಂಗಿಲ್ಲ. ನೋಡಾಕ ಆಗ್ಲಿಲ್ರೀ."

ನಾನು ಗಾಳಿ ಕಂಬದ ತುದಿಯನ್ನು ನೋಡುತ್ತ ನಿಂತೆ. ಗಾಳಿಯೇ ಇರಲಿಲ್ಲ. ಅಧಿಕಾರಿ ಕೆಮ್ಮಿದರು, ರಿಜಿಸ್ಟರಿನಲ್ಲಿದ್ದ ನಲವತ್ತನ್ನು ಹೊಡೆದುಹಾಕಿದರು, ಜೀಪು ಹತ್ತಿದರು.

ಮರುದಿನ ಎಂಟೂವರೆಗೆ ಫೋನ್ ಮಾಡಿದೆ.

"ಮಳೆ?"

"ಇಲ್ಲ ಸಾರ್."

"ತಂಬಿಗೆ?"

"ಇಲ್ಲ ಸಾರ್."

"ಸರಿ" ಅಂದರು. ಫೋನು ಕಟ್ ಆಗಲಿಲ್ಲ. "ಕಾಫಿ ಆಯ್ತಾಮ್ಮ?"