ಗೆಬ್ಹಾರ್ಟ್ ಅಂಚು ಮಸೆದ ಭಾನುವಾರ

ಎಲ್ಲ ಶುರುವಾದದ್ದು ಒಂದು ಹೆಬ್ಬೆರಳಿನ ಉಗುರಿನಿಂದ.

ಭಾನುವಾರ ಬೆಳಿಗ್ಗೆ ಚರ್ಚಿಗೆ ಹೊರಟಿದ್ದ ವಾಲ್‌ಬುರ್ಗಾ, ಬಾಗಿಲ ಹಿಂದೆ ಒರಗಿಸಿದ್ದ ಗಂಡನ ಸ್ಕೀ ಹಲಗೆಗಳನ್ನು ಕಂಡು ನಿಂತಳು. ತಳದ ಉಕ್ಕಿನ ಅಂಚಿನ ಮೇಲೆ ಉಗುರನ್ನು ಅಡ್ಡಲಾಗಿ ಎಳೆದಳು. ಅಂಚು ಚೂಪಾಗಿದ್ದರೆ ಉಗುರಿನಿಂದ ಬಿಳಿ ಪುಡಿ ಉದುರಬೇಕು. ಉದುರಿದ್ದು ತುಕ್ಕು.

"ಗೆಬ್ಹಾರ್ಟ್, ಇದ್ರಲ್ಲಿ ಬೆಣ್ಣೇನೂ ಕುಯ್ಯೋಕಾಗಲ್ಲ ಕಣಯ್ಯಾ. ಮಧ್ಯಾಹ್ನ ಇದನ್ನ ಕಟ್ಕೊಂಡೇ ಇಳೀತೀಯಾ?"

"ಮನೇಲೇ ಮಸೀತೀನಿ. ಅದೇನು ಬ್ರಹ್ಮವಿದ್ಯೆನಾ?" ಎಂದ ಗೆಬ್ಹಾರ್ಟ್.

ಆ ಮಧ್ಯಾಹ್ನ ಐವತ್ತು ದಾಟಿದವರ ಸ್ಕೀ ಪಂದ್ಯ. ಅಗ್ನಿಶಾಮಕ ದಳದವರು ಪ್ರತಿ ವರ್ಷ ನಡೆಸುವ ಈ ಪಂದ್ಯದಲ್ಲಿ ಗೆದ್ದವರಿಗೆ ಹೊಗೆಯಲ್ಲಿ ಒಣಗಿಸಿದ ಹಂದಿತೊಡೆ. ಕೊನೆಯವರಿಗೆ ಕೊರಳಲ್ಲಿ ಹಸುವಿನ ಗಂಟೆ. ಅದನ್ನು ತೂಗಾಡಿಸಿಕೊಂಡು ಸಂಜೆಯೆಲ್ಲ ಹೋಟೆಲಿನಲ್ಲಿ ಊರಿಗೆ ಬಿಯರ್ ಹಂಚಬೇಕು. ಕಳೆದ ವರ್ಷ ಹಂಚಿದವನು ಗೆಬ್ಹಾರ್ಟ್. ಅದು ಒಂದು ಸಂಜೆಗೆ ಮುಗಿದಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಅವನು ಶಾಲೆಯ ಬಸ್ಸು ಓಡಿಸುವವನು. ಅಂದಿನಿಂದ ಕಣಿವೆಯ ಮಕ್ಕಳೆಲ್ಲ ಬಸ್ಸು ಹತ್ತುವಾಗ "ಗುಡ್ ಮಾರ್ನಿಂಗ್" ಬಿಟ್ಟು "ಅಂಬಾ" ಎನ್ನುತ್ತಿದ್ದವು. ಇನ್ನೊಂದು ವರ್ಷ ಹೀಗಾದರೆ ತನಗೂ ಕೊಂಬು ಮೂಡುತ್ತದೆಂದು ಅವನಿಗೆ ಖಾತ್ರಿಯಾಗಿತ್ತು.

ಹೆಂಡತಿ ಹೋದದ್ದೇ ತಡ, ಅಡುಗೆಮನೆಯ ಮೇಜನ್ನು ಖಾಲಿ ಮಾಡಿದ. ಹಲಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಎರಡು ಹಿಟ್ಟಿನ ಡಬ್ಬಗಳ ನಡುವೆ ಸಿಕ್ಕಿಸಿದ. ಅರ ಹಿಡಿದು ಮರ ಕುಯ್ಯುವವನಂತೆ ಹಿಂದಕ್ಕೂ ಮುಂದಕ್ಕೂ ಉಜ್ಜತೊಡಗಿದ. ಆ ಕಿರ್ರೋ ಸದ್ದಿಗೆ ಬೆಕ್ಕು ಕಿಟಕಿಯಿಂದ ಹಾರಿ ಹಿಮದಲ್ಲಿ ಹೂತುಕೊಂಡಿತು.

ಆ ಕಿಟಕಿಯಲ್ಲೇ ಪಕ್ಕದ ಮನೆಯ ಕ್ಸಾವರ್ ತಲೆ ಹಾಕಿದ. ಜೀವಮಾನವೆಲ್ಲ ಬೆಟ್ಟದ ರೋಪ್‌ವೇ ನಡೆಸಿ ನಿವೃತ್ತನಾದವನು. ಕೂತಲ್ಲೇ ಜನರನ್ನು ಮೇಲಕ್ಕೂ ಕೆಳಕ್ಕೂ ಕಳಿಸಿದ ಅಭ್ಯಾಸ.

"ಅಯ್ಯಯ್ಯೋ, ಏನ್ ಮಾಡ್ತಿದ್ದೀಯ? ಅರಾನ ಒಂದೇ ಕಡೆ ಎಳೀಬೇಕು ಮಾರಾಯ, ಮೂತಿಯಿಂದ ಬಾಲಕ್ಕೆ. ಬೆಕ್ಕಿನ ಮೈ ಸವರಿದ ಹಾಗೆ!"

"ಬೆಕ್ಕು ಈಗಷ್ಟೇ ಓಡಿಹೋಯ್ತು."

"ಓಡದೆ ಏನ್ ಮಾಡುತ್ತೆ?" ಕ್ಸಾವರ್ ಬೂಟು ಸಮೇತ ಕಿಟಕಿ ಹತ್ತಿ ಒಳಗೆ ಬಂದ. "ಕೋನ ಎಷ್ಟಿಟ್ಟೆ?"

"ಕೋನಾನಾ?"

"ಎಂಬತ್ತೆಂಟು ಡಿಗ್ರಿ ಇಡು. ಇಲ್ಲದಿದ್ರೆ ಗಟ್ಟಿ ಹಿಮದ ಮೇಲೆ ಕಾಲು ನಿಲ್ಲಲ್ಲ. ತಗೋ, ನನ್ನ ವಜ್ರದ ಕಲ್ಲು. ಕೊನೇಲಿ ಇದರಲ್ಲಿ ನಯ ಮಾಡು."

ಗೆಬ್ಹಾರ್ಟ್ ಎಳೆದ. ಕ್ಸಾವರ್ ಕುರ್ಚಿಯಲ್ಲಿ ಕೂತು "ಇನ್ನೂ, ಇನ್ನೂ" ಎಂದ. ಉಕ್ಕಿನ ಪುಡಿ ಮಿರಮಿರ ಮಿಂಚುತ್ತ ಹಾರಿ, ಮಧ್ಯಾಹ್ನದೂಟಕ್ಕೆಂದು ವಾಲ್‌ಬುರ್ಗಾ ಕಟ್ಟಿಟ್ಟಿದ್ದ ಬ್ರೆಡ್ಡಿನ ಉಂಡೆಗಳ ಮೇಲೆ ಇಬ್ಬನಿಯಂತೆ ಕೂತಿತು.

"ಉಂಡೆ ಮೇಲೆ ಬಿತ್ತಲ್ಲೋ!"

"ಬೀಳ್ಲಿ ಬಿಡು. ನಮ್ಮ ವಯಸ್ಸಿಗೆ ಕಬ್ಬಿಣದಂಶ ಒಳ್ಳೇದು."

ಕೊನೆಗೆ ಗೆಬ್ಹಾರ್ಟ್ ಉಗುರನ್ನು ಅಂಚಿನ ಮೇಲೆ ಎಳೆದು ನೋಡಿದ. ಪುಡಿಯೇನು, ಅರ್ಧ ಉಗುರೇ ಬಂತು. ನೋವಿನಲ್ಲೂ ಅವನ ಮುಖ ಅರಳಿತು.

"ಮೂತಿ ಹತ್ರ ಸ್ವಲ್ಪ ಮೊಂಡು ಮಾಡ್ಬೇಕು, ಇಲ್ಲಾಂದ್ರೆ ಹಲಗೆ ನಿನ್ನ ಮಾತು ಕೇಳಲ್ಲ" ಎಂದು ಕ್ಸಾವರ್ ಹೇಳುತ್ತಿದ್ದಂತೆಯೇ ಎದುರುಮನೆಯ ವಿಧವೆ ಕ್ರೆಸೆನ್ಸಕ್ಕ ತನ್ನ ಕಿಟಕಿಯಿಂದಲೇ ಕೂಗಿದಳು.

"ಅಂಚು ಮಸೆದ್ರೆ ಸಾಕೇನೋ? ತಳಕ್ಕೆ ಮೇಣ ಯಾರು ಹಚ್ತಾರೆ? ಇಸ್ತ್ರಿ ಪೆಟ್ಟಿಗೆ ಚೆನ್ನಾಗಿ ಕಾಯ್ಸಿ ಹಚ್ಚೋ, ಚೆನ್ನಾಗಿ!"

ಕ್ರೆಸೆನ್ಸಕ್ಕ 'ಚೆನ್ನಾಗಿ' ಎಂದು ಎರಡು ಸಲ ಹೇಳಿದ್ದಳು. ಗೆಬ್ಹಾರ್ಟ್ ಹೆಂಡತಿಯ ಇಸ್ತ್ರಿ ಪೆಟ್ಟಿಗೆಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಮೇಣ ಕರಗಲಿಲ್ಲ, ನೇರವಾಗಿ ಹೊಗೆಯಾಯಿತು. ನೀಲಿ ಹೊಗೆ ಅಡುಗೆಮನೆ ತುಂಬಿ, ಕಿಟಕಿಯಿಂದ ಸುರುಳಿಸುರುಳಿಯಾಗಿ ಬೀದಿಗಿಳಿಯಿತು. ಒಳಗಿನಿಂದ ಇಬ್ಬರು ಗಂಡಸರ ಕೆಮ್ಮು ಮಾತ್ರ ಕೇಳಿಸುತ್ತಿತ್ತು. ಸಲಹೆ ಕೊಟ್ಟ ಕ್ರೆಸೆನ್ಸಕ್ಕನೇ ಅಗ್ನಿಶಾಮಕ ದಳಕ್ಕೆ ಫೋನು ಮಾಡಿದಳು.

ಕೆಂಪು ಲಾರಿ ಗಂಟಲು ಹರಿಯುವಂತೆ ಅರಚುತ್ತ ಬಂತು. ದಳದ ಮುಖ್ಯಸ್ಥ ಲಿಯೊಪೋಲ್ಡ್ ಶಿರಸ್ತ್ರಾಣ ತೊಟ್ಟು ಒಳನುಗ್ಗಿ, ಬೆಂಕಿ ಹುಡುಕಿ, ಸಿಗದೆ, ಮೇಜಿನ ಮೇಲಿನ ಹಲಗೆಯನ್ನು ನೋಡಿ ನಿಂತುಬಿಟ್ಟ.

"ಎಷ್ಟು ಡಿಗ್ರಿ?"

"ಎಂಬತ್ತೆಂಟು" ಎಂದರು ಇಬ್ಬರೂ ಕೆಮ್ಮುತ್ತ.

"ಥೂ, ಎಂಬತ್ತೇಳು ಇಡ್ಬೇಕಿತ್ತು. ಕೊಡಿ ಇಲ್ಲಿ." ಕೈಗವಸು ಕಿತ್ತೆಸೆದು ಅವನೇ ಅರ ಹಿಡಿದ. ಹೊರಗೆ ಅವನ ಪಡೆ ನೀರಿನ ಕೊಳವೆ ಹಿಡಿದು ಅಪ್ಪಣೆಗೆ ಕಾಯುತ್ತಿತ್ತು. ಮೂತಿ ಮೊಂಡು ಮಾಡುವ ವಿಷಯ ಮೂವರಿಗೂ ಮರೆತೇಹೋಯಿತು. ಹೊರಡುವಾಗ ಲಿಯೊಪೋಲ್ಡ್ ಕಣ್ಣು ಮಿಟುಕಿಸಿದ. "ಬರೀ ಅಂಚು ಚೂಪಿದ್ರೆ ಆಗಲ್ಲಪ್ಪ, ಇವತ್ತು ಲೆಕ್ಕಾನೂ ಚೂಪಿರ್ಬೇಕು." ಡಿಗ್ರಿಯ ಲೆಕ್ಕ ಇರಬೇಕೆಂದು ಗೆಬ್ಹಾರ್ಟ್ ತಲೆಯಾಡಿಸಿದ.

ಅಷ್ಟರಲ್ಲಿ ವಾಲ್‌ಬುರ್ಗಾ ಬಾಗಿಲಲ್ಲಿ ನಿಂತಿದ್ದಳು. ಚರ್ಚು ಮುಗಿಸಿ, ಹೋಟೆಲಿನಲ್ಲಿ ಪಂದ್ಯದ ಸಭೆಗೂ ಹೋಗಿ, ಪಂದ್ಯದಲ್ಲಿ ತಾನೂ ಗಂಡನೂ ಎದೆಗೆ ಕಟ್ಟಿಕೊಳ್ಳಬೇಕಾದ ನಂಬರು ಬಟ್ಟೆಗಳನ್ನೂ ತೆಗೆದುಕೊಂಡು ಬಂದಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಮೇಣದ ಹೊಗೆ ಹಿಡಿದ ಗೋಡೆ ನೋಡಿದಳು. ಇಸ್ತ್ರಿ ಪೆಟ್ಟಿಗೆ ನೋಡಿದಳು. ಮಿನುಗುವ ಉಂಡೆಗಳನ್ನು ನೋಡಿದಳು. ಅನಂತರ ಅವಳ ಬಾಯಿಂದ ಬಂದದ್ದನ್ನು ಕೇಳಿ, ಅಗ್ನಿಗೆ ಅಂಜದ ಲಿಯೊಪೋಲ್ಡ್ ಲಾರಿ ಹತ್ತಿ ಓಡಿದ. ಕ್ಸಾವರ್ ಬಂದ ಕಿಟಕಿಯಿಂದಲೇ ಮಾಯವಾದ.

ಮಧ್ಯಾಹ್ನ ಗುಡ್ಡದ ಇಳಿಜಾರು ಗಾಜಿನಂತೆ ಹೆಪ್ಪುಗಟ್ಟಿತ್ತು. ವಾಲ್‌ಬುರ್ಗಾ ಮೊದಲೇ ಇಳಿದು ಹೋಗಿದ್ದಳು. ನಡುದಾರಿಯಲ್ಲಿ ನಿಂತು, ಬಿದ್ದಿದ್ದ ಯಾರದೋ ಕೈಗವಸು ಎತ್ತಿಕೊಂಡು, ಬೇಲಿಯಾಚೆಯ ಪರಿಚಯದವರೊಡನೆ ಎರಡು ಮಾತಾಡಿ ಮುಂದೆ ಹೋದಳೆಂದು ಮೇಲಿನಿಂದ ನೋಡಿದವರು ನಕ್ಕರು. ಗೆಬ್ಹಾರ್ಟ್‌ಗೆ ಒಳಗೊಳಗೇ ಖುಷಿ. ಈ ಸಲ ಗಂಟೆ ಮನೆಗೆ ಬಂದರೂ ಕೊರಳು ಬೇರೆ.

ಅವನ ಸರದಿ ಬಂತು. ಬಸ್ಸಿನಲ್ಲಾಗಲಿ ಹಿಮದಲ್ಲಾಗಲಿ ಪ್ರತಿ ತಿರುವಿಗೂ ಬ್ರೇಕು ಹಾಕುವ ಮನುಷ್ಯ ಅವನು. ಮೊದಲ ಬಾವುಟದ ಹತ್ತಿರ ಎಂದಿನಂತೆ ಹಲಗೆಯನ್ನು ಅಡ್ಡ ಜಾರಿಸಲು ನೋಡಿದ. ಹಲಗೆ ಜಾರಲಿಲ್ಲ. ಅಂಚು ಹಿಮವನ್ನು ಕಚ್ಚಿ ಹಿಡಿದು, ಹುಚ್ಚು ಕುದುರೆಯಂತೆ ಅವನನ್ನು ಮುಂದಿನ ಬಾವುಟಕ್ಕೆ ಎಸೆಯಿತು. ಅಲ್ಲಿಂದ ಮತ್ತೊಂದಕ್ಕೆ. "ನಿಲ್ಲೇ! ನಿಲ್ಲೇ!" ಎಂದು ಅವನು ಕಿರುಚಿದ್ದನ್ನು ಜನ ಜಯಘೋಷವೆಂದುಕೊಂಡು ಚಪ್ಪಾಳೆ ತಟ್ಟಿದರು. ಕೊನೆಯ ಗೆರೆ ದಾಟಿ, ಹುಲ್ಲಿನ ಮೂಟೆಗಳನ್ನು ಸೀಳಿಕೊಂಡು ಹೋಗಿ, ಹೋಟೆಲಿನ ಜಗಲಿಯ ಕೆಳಗೆ ಸೊಂಟದವರೆಗೆ ಹೂತುನಿಂತ.

"ಅಬ್ಬಬ್ಬಾ! ಇಷ್ಟು ಬೇಗ ಇಳಿದವರನ್ನ ನಾನು ನೋಡೇ ಇಲ್ಲ" ಎಂದ, ತನ್ನ ಸರದಿ ಮುಗಿಸಿ ಕೆಳಗೆ ನಿಂತಿದ್ದ ಕ್ಸಾವರ್. ಬಸ್ಸಿನ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದವು. ಗೆಬ್ಹಾರ್ಟ್ ಹಿಮ ಕೊಡವಿಕೊಂಡು, ಹಂದಿತೊಡೆ ಹೊರಲು ಭುಜ ಸಡಿಲಿಸಿಕೊಂಡ.

ಲಿಯೊಪೋಲ್ಡ್ ಮೈಕು ಹಿಡಿದ. "ಬೆಳಿಗ್ಗೆ ಸಭೇಲಿ ಹೇಳಿದ ಹಾಗೆ, ಹೋದ ವರ್ಷ ಕೈಕಾಲು ಮುರ್ಕೊಂಡವರು ಜಾಸ್ತಿ ಆದ್ರು ಅಂತ ಈ ಸಲ ಬೇಗ ಬಂದವರಿಗೆ ಬಹುಮಾನ ಇಲ್ಲ. ಎಲ್ಲರ ವೇಳೆ ಕೂಡಿಸಿ ಸರಾಸರಿ ತೆಗೆದಿದ್ದೀವಿ. ಅದಕ್ಕೆ ಅತಿ ಹತ್ರ ಬಂದವರೇ ಗೆದ್ದವರು. ಅದು ನಮ್ಮ ವಾಲ್‌ಬುರ್ಗಾ! ಸರಾಸರಿಯಿಂದ ಅತಿ ದೂರ ಹೋದವರೇ ಕೊನೆಯವರು. ಅದು..." ಅವನು ಮುಗಿಸುವ ಮೊದಲೇ ಬಸ್ಸಿನ ಮಕ್ಕಳು ಒಕ್ಕೊರಲಿನಿಂದ "ಅಂಬಾ" ಎಂದವು.

"ನೀನ್ಯಾಕೆ ಹೇಳ್ಲಿಲ್ಲ?" ಗೆಬ್ಹಾರ್ಟ್ ಹೆಂಡತಿಯ ಮುಂದೆ ಅಳುಮುಖ ಮಾಡಿದ.

"ಹೇಳೋಕೇ ಬಂದಿದ್ದೆ. ನನ್ನ ಅಡುಗೆಮನೆ ನೋಡಿ ಬಾಯಿಂದ ಬೇರೇನೇ ಬಂತು."

"ಕ್ಸಾವರ್, ನೀನು?"

"ನಿನ್ನ ಮನೇಲಿ ಕೆಮ್ತಾ ಕೂತಿದ್ದೆನಲ್ಲಯ್ಯಾ! ನಾನೂ ಗಂಟೆಯಿಂದ ಕೂದಲೆಳೇಲಿ ತಪ್ಪಿಸ್ಕೊಂಡಿದ್ದೀನಿ."

ಸಂಜೆ ಹೋಟೆಲಿನಲ್ಲಿ ಗಂಟೆ ಢಣಢಣ ಎನ್ನಿಸುತ್ತ ಗೆಬ್ಹಾರ್ಟ್ ಬಿಯರ್ ಹಂಚಿದ. ನಡುಮೇಜಿನಲ್ಲಿ ವಾಲ್‌ಬುರ್ಗಾ ಹಂದಿತೊಡೆಯನ್ನು ಊರಿಗೆಲ್ಲ ಹೆಚ್ಚಿ ಕೊಡಲು ಹೊರಟು, ಹೋಟೆಲಿನ ಚಾಕುವಿನೊಂದಿಗೆ ಹೆಣಗಿ, ಕೊನೆಗೆ ಕೈ ಎತ್ತಿ ಕರೆದಳು.

"ಗೆಬ್ಹಾರ್ಟ್, ಇಲ್ಲಿ ಬಾ. ಇದು ಶುದ್ಧ ಮೊಂಡು ಕಣಯ್ಯಾ. ಸ್ವಲ್ಪ ಮಸೆದು ಕೊಡು."

"ಎಂಬತ್ತೇಳು ಡಿಗ್ರಿ!" ಎಂದು ಕೂಗಿದ ಲಿಯೊಪೋಲ್ಡ್.