ಮಾವನ ಬಾಯಲ್ಲಿ ಚಿನ್ನ

ನಮ್ಮ ಸೋದರಮಾವನ ಎದುರಿಗೆ ಒಡವೆ ಹಾಕಿಕೊಂಡು ಹೋಗುವವರು ಹುಷಾರಾಗಿರಬೇಕು! ಸರಗಳ್ಳನಾದರೆ ಕಿತ್ತುಕೊಂಡು ಓಡಿಹೋಗುತ್ತಾನೆ, ಅಲ್ಲಿಗೆ ಮುಗಿಯಿತು. ಮಾವ ಓಡುವುದಿಲ್ಲ. "ಇದು ಎಲ್ಲಿಂದ ಬಂತು, ಗೊತ್ತಾ?" ಅಂತ ಶುರು ಮಾಡುತ್ತಾರೆ. ಓಡಬೇಕಾದವರು ನಾವು! ಮದುವೆಯಾದ ಹೊಸತರಲ್ಲಿ ನನ್ನ ಚಿನ್ನದ ಬಳೆ ನೋಡಿ ಹಾಗೆ ಕೇಳಿದಾಗ ನಾನು ತಿಳಿಯದೆ, "ಕಮರ್ಷಿಯಲ್ ಸ್ಟ್ರೀಟಿಂದ ಮಾವ" ಅಂದುಬಿಟ್ಟಿದ್ದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಎಂಥ ಕನಿಕರವಿತ್ತು ಅಂತೀರಿ! "ಅದಕ್ಕೂ ಮುಂಚೆ?" ಅಂದರು.

ಈ ಹುಚ್ಚು ಹಿಡಿದದ್ದು ಒಂದು ಬೋರ್‌ವೆಲ್‌ನಿಂದ. ಕೆ.ಆರ್. ಪುರದಲ್ಲಿ ಅಜ್ಜನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮಾವನ ಬಾಡಿಗೆ ಮನೆಗಳು ಬೆಳೆದಿವೆ. ಅಲ್ಲಿ ಬೋರ್ ಕೊರೆಸಿದಾಗ ನೀರು ಬರಲಿಲ್ಲ, ಥಳಥಳ ಹೊಳೆಯುವ ಕಲ್ಲಿನ ಪುಡಿ ಬಂತು. ಮಾವ ಲಾರಿಯವರನ್ನೆಲ್ಲ ಕಾಫಿಗೆ ಕಳಿಸಿ, ಪುಡಿಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು, ಹೆಂಡತಿಗೂ ಹೇಳದೆ ಹಲಸೂರಿನ ಒಡವೆ ಅಂಗಡಿಗೆ ಹೋದರು. ಅಂಗಡಿಯವರು ಒಂದು ಚಿಟಿಕೆ ಉಜ್ಜಿ ನೋಡಿದರು.

"ಸಾರ್, ಇದು ಕಾಗೆಬಂಗಾರ. ಬೊಂಬೆಗೆ ಅಂಟಿಸ್ಬಹುದು, ಅಷ್ಟೇ."

"ಹಾಗಾದ್ರೆ ನಿಜವಾದ ಬಂಗಾರ ಕೋಲಾರದಲ್ಲಿ ಯಾಕಿದೆ? ನಮ್ಮ ಹೊಲದಲ್ಲಿ ಯಾಕಿಲ್ಲ?"

"ನಾನು ಮಾರೋನು ಸಾರ್, ಇಟ್ಟೋನಲ್ಲ!"

ಇಟ್ಟವರು ಯಾರು ಅಂತ ಹುಡುಕುತ್ತಾ ಹೊರಟ ಮಾವ ಇನ್ನೂ ಹಿಂದಿರುಗಿಲ್ಲ. ಪುಸ್ತಕ ತಂದರು, ಮೊಬೈಲಿನಲ್ಲಿ ಭಾಷಣ ಕೇಳಿದರು, ಕಂಡಕಂಡವರಿಗೆಲ್ಲ ಹೇಳತೊಡಗಿದರು. ಒಂದು ಭಾನುವಾರ ಇಂದಿರಾನಗರದ ನಮ್ಮ ಮನೆಗೆ ಅತ್ತೆಯ ಜೊತೆ ಊಟಕ್ಕೆ ಬಂದವರು ಬೇಳೆಸಾರಿನ ಪಾತ್ರೆಯನ್ನು ತಮ್ಮ ಕಡೆಗೆಳೆದುಕೊಂಡು ಸೌಟು ಹಿಡಿದರು.

"ನೋಡು, ಭೂಮೀನೂ ಮೊದಲು ಹೀಗೇ ಕುದೀತಿತ್ತು. ಭಾರ ಇರೋ ಕಬ್ಬಿಣ ಈ ಬೇಳೆ ಥರ ತಳಕ್ಕೆ ಇಳೀತು. ಚಿನ್ನಕ್ಕೆ ಕಬ್ಬಿಣ ಅಂದ್ರೆ ಪ್ರಾಣ. ಅದನ್ನ ಬಿಟ್ಟಿರಲಾರದೆ ಹಿಂದೇನೇ ಹೋಗ್ಬಿಡ್ತು! ನಡುವಲ್ಲಿರೋ ಆ ಚಿನ್ನಾನೆಲ್ಲ ಮೇಲೆ ತಂದ್ರೆ ಇಡೀ ಭೂಮಿಗೇ ಲೇಪ ಹಾಕ್ಬಹುದು."

"ಮತ್ತೆ ನನ್ನ ಬಳೆ?" ಅಂದೆ.

"ಅದಾ? ಮೇಲುಗಡೆ ಗಟ್ಟಿಯಾದ್ಮೇಲೆ ಆಕಾಶದಿಂದ ಬಿದ್ದಿದ್ದು. ಉಲ್ಕೆಗಳು ತಂದು ಸುರಿದಿದ್ದು!"

"ಭೂಮಿ ಆರಿದ್ದು ಸಾಕು ಕಣ್ರಿ. ಸಾರು ಆರೋಕ್ಮುಂಚೆ ಬಡಿಸಿ" ಅಂದರು ಅತ್ತೆ. ಎಲ್ಲರೂ ನಕ್ಕೆವು. ಆದರೆ ಕೈ ತೊಳೆಯಲು ಹೋದವಳು ಬಳೆಯನ್ನೇ ನೋಡುತ್ತಾ ನಲ್ಲಿ ನಿಲ್ಲಿಸುವುದನ್ನೂ ಮರೆತೆ. ಆಕಾಶದಿಂದ ಬಿದ್ದದ್ದು! ನನ್ನ ಕೈಗೆ!

ಹಾಗೆ ಬಿದ್ದ ಚಿನ್ನ ಕಲ್ಲಿನಲ್ಲಿ ಕಣಕಣವಾಗಿ ಚದುರಿತ್ತಲ್ಲ, ಒಂದು ಕಡೆ ಸೇರಿದ್ದು ಹೇಗೆ? ಅದಕ್ಕೆ ಅವರ ಮನೆಯ ಕುಕ್ಕರ್ ಬಲಿಯಾಯಿತು. "ಆಳದ ಬಿಸಿನೀರು ಚಿನ್ನಾನ ಕರಗಿಸ್ಕೊಂಡು, ಬಿರುಕು ಹುಡುಕ್ಕೊಂಡು ಮೇಲೇರುತ್ತೆ. ಒತ್ತಡ ಇಳಿದ ಕಡೆ, ಇನ್ನು ಹೊರಲಾರೆ ಅಂತ ಬೆಣಚುಕಲ್ಲಿನ ಜೊತೆ ಇಳಿಸಿ ಹೋಗುತ್ತೆ. ಒತ್ತಡ ಇಳಿಯೋದು ಅಂದ್ರೆ ಹೇಗೆ..." ಅನ್ನುತ್ತಾ ಕುಕ್ಕರಿನ ವೆಯ್ಟನ್ನು ಎತ್ತಿಯೇಬಿಟ್ಟರು! ಅಂದು ಅಡುಗೆಮನೆಯ ಸೂರಿನಲ್ಲಿ ಭಾರಿ ನಿಕ್ಷೇಪವೊಂದು ಉಂಟಾಯಿತು. ಬೇಳೆಯದ್ದು.

ಸ್ಟೂಲಿನ ಮೇಲೆ ನಿಂತು ಅದನ್ನು ಒರೆಸುತ್ತಾ ಅತ್ತೆ ನನಗೆ ಹೇಳಿದರು, "ಎಲ್ಲರ ಗಂಡಂದಿರೂ ಹೆಂಡ್ತೀನ ಒಂದ್ಸಲಾನಾದ್ರೂ ಚಿನ್ನಾ ಅಂತ ಕರೀತಾರಮ್ಮ. ನಮ್ಮನೇಲಿ ಚಿನ್ನ ಅಂದ್ರೆ ಬಿಸಿನೀರು, ಬಿರುಕು!" ನಗುತ್ತಲೇ ಹೇಳಿದರು, ಆದರೆ ಆ ನಗು ಪೂರ್ತಿ ಬರಲಿಲ್ಲ. ಸ್ಟೂಲಿನಿಂದ ಇಳಿದವರು ಗೋಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಧಾರಿಸಿಕೊಂಡರು. ಮುಖ ಬಿಳಿಚಿಕೊಂಡಿತ್ತು.

ಗರ್ಭಕೋಶದ ತೊಂದರೆ, ತಿಂಗಳುಗಟ್ಟಲೆ ರಕ್ತ ಹೋಗಿದೆ, ಯಾರಿಗೂ ಹೇಳಿಲ್ಲ! ಬೆನ್ಸನ್ ಟೌನ್ ಹತ್ತಿರದ ಆಸ್ಪತ್ರೆಗೆ ಸೇರಿಸಿದೆವು. ಆಪರೇಷನ್ ಆಗಲೇಬೇಕು, ಆದರೆ ಮೈಯಲ್ಲಿ ರಕ್ತವೇ ಇಲ್ಲ, ಕಬ್ಬಿಣದ ಅಂಶ ತೀರಾ ಕಡಿಮೆ, ಅಪಾಯವಿದೆ ಅಂದರು ಡಾಕ್ಟರು. ಎರಡು ಬಾಟಲಿ ರಕ್ತ ಏರಿಸಿ ಒಳಗೆ ಕರೆದೊಯ್ದರು. ನರ್ಸಮ್ಮ ಅತ್ತೆಯ ತಾಳಿ ಬಿಚ್ಚಿ ತಂದು ಮಾವನ ಕೈಗಿಟ್ಟರು. ಮಾವ ಅದನ್ನು ಕರ್ಚೀಫಿನಲ್ಲಿ ಕಟ್ಟಿ ಮುಷ್ಟಿಯಲ್ಲಿ ಹಿಡಿದು ಕೂತರು.

ಎಲ್ಲಿಂದ ಬಂತು ಗೊತ್ತಾ ಅಂತ ಈಗ ಶುರು ಮಾಡುತ್ತಾರೆ ಅಂತ ಕಾದೆ. ಶುರು ಮಾಡಲಿ ಅಂತ ದೇವರನ್ನು ಬೇಡಿಕೊಂಡೆ! ಕೊನೆಗೆ ಮಾವ ಮುಷ್ಟಿ ಬಿಚ್ಚಿ ಆ ಗಂಟನ್ನು ನೋಡಿದರು.

"ಭೂಮಿ ಹೊಟ್ಟೆ ತುಂಬ ಕಬ್ಬಿಣ ಇದೆ ಕಣಮ್ಮ. ಇವಳಿಗೆ ಒಂದು ಚಿಟಿಕೆ ಸಿಗ್ಲಿಲ್ವಲ್ಲ! ಇವಳೇನಾದ್ರೂ ಹೋದ್ರೆ ನಾನು ಇಲ್ಲಿದ್ದು ಏನ್ಮಾಡ್ಲಿ?"

ನನಗೆ ಅಳು ತಡೆಯಲಾಗಲಿಲ್ಲ. ಕಬ್ಬಿಣದ ಹಿಂದೆ ಹೋದ ಚಿನ್ನದ ಕಥೆಗೆ ನಾವೆಲ್ಲ ನಕ್ಕಿದ್ದೆವಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಮಧ್ಯಾಹ್ನ ಅತ್ತೆಗೆ ಎಚ್ಚರವಾದಾಗ ನಮ್ಮಿಬ್ಬರನ್ನು ಒಳಗೆ ಬಿಟ್ಟರು. ಮಾವ ಮಂಚದ ಮೇಲೆ ಬಾಗಿ, ಗಂಟಲು ಸರಿಮಾಡಿಕೊಂಡು, "ಚಿನ್ನಾ..." ಅಂದರು.

ಅತ್ತೆ ಕಣ್ಣು ತೆರೆಯದೆಯೇ ಕೈ ಅಲ್ಲಾಡಿಸಿದರು. "ಈಗ ಬೇಡ ಕಣ್ರಿ. ತಲೆ ಸುತ್ತುತ್ತೆ. ಮನೇಗ್ಹೋದ್ಮೇಲೆ ಕೇಳ್ತೀನಿ."

"ಪಾಠ ಅಲ್ವೇ! ನಿನ್ನೇ ಕರೆದಿದ್ದು."

ಅತ್ತೆ ಮೆಲ್ಲಗೆ ಕಣ್ಣು ತೆರೆದು ಗಂಡನನ್ನು ನೋಡಿದರು.

"ಸರಿಯಾಗಿ ಕೇಳಿಸ್ಲಿಲ್ಲ" ಅಂದರು. "ಇನ್ನೊಂದ್ಸಲ ಹೇಳಿ."